ಥರ್ಮಾಕೋಲಿನ ಐವತ್ತು ಸಾವಿರ

ಚಿತ್ತಾಕುಲ, ಕಾರವಾರ
೯ ಜೂನ್ ೨೦೨೫

ಹುಲಿಯಾ ಮಾವನಿಗೆ,

ತೀರ್ಥರೂಪ ಎಂದು ಶುರುಮಾಡಬೇಕಿತ್ತು. ಈ ಸಲ ಬಾಯಲ್ಲಿ ತೀರ್ಥವಿಲ್ಲ, ನಿನ್ನ ರೂಪ ನೆನಪಾದರೆ ಮೈ ಉರಿಯುತ್ತದೆ. ಹಾಗಾಗಿ ಬರೀ ಮಾವ. ನಾನು ಕ್ಷೇಮವಾಗಿಲ್ಲ. ನೀನು ಕ್ಷೇಮವಾಗಿದ್ದೀ ಎಂದು ಬೀರು ಹೇಳಿದ. ಅದನ್ನೂ ಸಹಿಸಲಾಗಲಿಲ್ಲ.

ನಿನ್ನ ನಂಬರನ್ನು ಯಾಕೆ ಬ್ಲಾಕ್ ಮಾಡಿದಳು ಎಂದು ಅಮ್ಮನ ಹತ್ತಿರ ಕೇಳಿದೆಯಂತೆ. ಫೋನಿನಲ್ಲಿ ನಿನ್ನ ಮೇಲೆ ಸಿಟ್ಟು ಮಾಡಲು ಆಗುವುದಿಲ್ಲ ಮಾವ, ಮೂರನೇ ಮಾತಿಗೆ ನಗಿಸಿಬಿಡುತ್ತೀ. ಕಾಗದದಲ್ಲಾದರೆ ನಾನು ಬೈದು ಮುಗಿಸುವವರೆಗೂ ನೀನು ಬಾಯಿ ತೆರೆಯುವಂತಿಲ್ಲ. ನೀನು ರಿಟೈರಾದರೂ ನಿನ್ನ ಶಿಷ್ಯ ಬೀರು ಇನ್ನೂ ಅಂಕೋಲೆ–ಸದಾಶಿವಗಡ ಬಸ್ಸಿನ ಕಂಡಕ್ಟರು. ಬೆಳಿಗ್ಗೆ ಅವನ ಚೀಲಕ್ಕೆ ಹಾಕಿದ ಕಾಗದ ಮಧ್ಯಾಹ್ನಕ್ಕೆ ಬೊಬ್ರುವಾಡದ ನಿನ್ನ ಜಗಲಿಗೆ ಬಂದಿರುತ್ತದೆ. ಅಂಚೆಗಿಂತ ವೇಗ, ಅಂಟೂ ಬೇಡ.

ಈಗ ವಿಷಯ. ಫೆಬ್ರವರಿಯ ವಾಲಿಬಾಲ್ ಪಂದ್ಯಾವಳಿ ನೆನಪಿದೆಯಾ? ಫೈನಲ್ಲಿಗೆ ಮುಂಚೆ ನೀನು, ಯುವಕ ಸಂಘದ ಘನ ಅಧ್ಯಕ್ಷ, ನನ್ನನ್ನು ವೇದಿಕೆಗೆ ಕರೆದು ಶಾಲು ಹೊದೆಸಿ, ಬಾಗಿಲಿನಷ್ಟು ಅಗಲದ ಥರ್ಮಾಕೋಲಿನ ಚೆಕ್ಕನ್ನು ಕೈಗೆ ಕೊಟ್ಟೆ. "ರಕ್ಷಿತಾಳ ವಿದ್ಯಾಭ್ಯಾಸಕ್ಕೆ ಐವತ್ತು ಸಾವಿರ!" ಎಂದು ಮೈಕಿನಲ್ಲಿ ಗರ್ಜಿಸಿದೆ. ಹುಲಿಯಾ ಎಂದು ಹೆಸರಿಟ್ಟವರ ಮರ್ಯಾದೆ ಉಳಿಸಿದೆ. ಆಮೇಲೆ ಹಣ ಬಂತಾ? ಬರಲಿಲ್ಲ. ನಾನು ಕೇಳಿದೆನಾ? ಕೇಳಲಿಲ್ಲ. ನಮ್ಮ ಊರಿನ ಸನ್ಮಾನದಲ್ಲಿ ಮಾನ ಮಾತ್ರ ಕೊಡುವುದು ಎಂದು ಸುಮ್ಮನಿದ್ದೆ.

ಆದರೆ ನೀನು ಸುಮ್ಮನಿರಲಿಲ್ಲ. ಆ ಫೋಟೋವನ್ನು ಫೇಸ್‌ಬುಕ್ಕಿಗೆ ಹಾಕಿ ನಮ್ಮ ವಿಶ್ವವಿದ್ಯಾಲಯದ ಹೆಸರನ್ನೂ ಅದಕ್ಕೆ ಅಂಟಿಸಿದೆ. ಇವರ ಪ್ರಚಾರ ವಿಭಾಗದವರು "ನಮ್ಮ ಹೆಮ್ಮೆ" ಎಂದು ಹಂಚಿದರು. ಇವರದೇ ನೆರವು ವಿಭಾಗದವರು ಅದನ್ನು ಓದಿ ಕತ್ತರಿ ತೆಗೆದುಕೊಂಡರು.

ನೆರವು ಎಂದರೆ ಯಾರೋ ನನ್ನ ಕೈಗೆ ದುಡ್ಡು ಕೊಡುತ್ತಾರೆ ಎಂದುಕೊಂಡಿದ್ದೀಯಾ? ಹಾಗಲ್ಲ. ಇಲ್ಲಿಯ ವರ್ಷದ ಫೀಸು ಒಂದು ಲಕ್ಷ ಇಪ್ಪತ್ತು ಸಾವಿರ. ಅಪ್ಪನಿಲ್ಲದ ಮನೆ, ಅಮ್ಮ ಅಂಕೋಲೆ ಪೇಟೆಯಲ್ಲಿ ಕಾಯಿಪಲ್ಲೆ ಮಾರುತ್ತಾಳೆ. ಆದಾಯ ಪ್ರಮಾಣಪತ್ರ ನೋಡಿ "ನಿಮ್ಮ ಶಕ್ತಿ ಇಪ್ಪತ್ತು ಸಾವಿರ" ಎಂದು ಇವರೇ ತೀರ್ಮಾನಿಸಿದರು. ಉಳಿದ ಒಂದು ಲಕ್ಷವನ್ನು ಫೀಸಿನಲ್ಲಿ ಬಿಟ್ಟರು. ಇದೇ ನೆರವು. ಪ್ರತಿವರ್ಷ ಮತ್ತೆ ಲೆಕ್ಕ. ಕೊಡ ತುಂಬಬೇಕು, ತುಳುಕಬಾರದು. ಬೇರೆ ಯಾರಾದರೂ ಒಂದು ಚೊಂಬು ನೀರು ಹೊಯ್ದರೆ ಇವರು ತಮ್ಮ ಒಂದು ಚೊಂಬು ವಾಪಸ್ ಮೊಗೆದುಕೊಳ್ಳುತ್ತಾರೆ.

ನೀನು ಹೊಯ್ದದ್ದು ಖಾಲಿ ಚೊಂಬು. ಇವರು ಮೊಗೆದದ್ದು ನಿಜವಾದ ನೀರು. ಮೂರನೇ ವರ್ಷಕ್ಕೆ ಐವತ್ತು ಸಾವಿರ ನೆರವು ಕಡಿತ! ಜೂನ್ ಮೂವತ್ತರ ಸಂಜೆ ನಾಲ್ಕರೊಳಗೆ ಆ ಹಣ ಕಟ್ಟಬೇಕು, ಇಲ್ಲದಿದ್ದರೆ ಸೀಟು ಇಲ್ಲ. ವಿದ್ಯಾರ್ಥಿ ವೇತನ ಅಂತೆ. ವೇದನ ಎಂದು ಬೋರ್ಡು ಬರೆಸಲಿ.

ನನಗೆ ನಿನ್ನಿಂದ ಬೇಕಾದದ್ದು ಒಂದೇ. ಸಂಘದ ಲೆಟರ್‌ಹೆಡ್ಡಿನಲ್ಲಿ ಒಂದು ಸಾಲು: "ನಾವು ಈ ಹಣ ಕೊಟ್ಟಿಲ್ಲ." ನಿನ್ನ ಸಹಿ, ಸಂಘದ ಸೀಲು. ಅಷ್ಟೇ. ಕಾಳಿ ಹೊಳೆಯ ದಂಡೆಯಲ್ಲಿ ಓದುವವಳನ್ನು ಕಾಳಿ ಮಾಡಬೇಡ.

ರಕ್ಷಿತಾ


ಬೊಬ್ರುವಾಡ, ಅಂಕೋಲೆ
೧೨ ಜೂನ್ ೨೦೨೫

ಮಗಾ ರಕ್ಷೀ,

ನಿನ್ನ ಕಾಗದವನ್ನು ಬೀರು ತಂದುಕೊಟ್ಟ. "ಬಿಸಿ ಇದ್ದು, ಹುಷಾರಿ" ಅಂದ. ಅವನು ಒಡೆದು ಓದಿದ್ದಾನೆ ಎಂದು ನನ್ನ ಅನುಮಾನ. ಸನ್ಮಾನದಿಂದ ಅನುಮಾನದವರೆಗೆ ನಮ್ಮದು ಒಂದೇ ಸ್ಟೇಜು.

ಎಷ್ಟು ಚೆಂದ ಬೈತೀಯೇ! ಇಪ್ಪತ್ತೆಂಟು ವರ್ಷ ಕಂಡಕ್ಟರಾಗಿ ಚಿಲ್ಲರೆಗೋಸ್ಕರ ಇಡೀ ಜಿಲ್ಲೆಯ ಬೈಗುಳ ಕೇಳಿದವ ನಾನು, ಇಷ್ಟು ಕ್ರಮವಾಗಿ ಯಾರೂ ಬೈದಿರಲಿಲ್ಲ. ಬಿ.ಎ. ಮಾಡಿದ್ದು ನಾನು, ಅದರ ಫಲ ಬಂದದ್ದು ನಿನ್ನ ನಾಲಿಗೆಗೆ.

ನೀನು ಹೆದರಿಕೊಂಡಿದ್ದೀ, ಅಷ್ಟೇ. ದೊಡ್ಡ ಕಚೇರಿಯವರ ಹತ್ತಿರ "ಇಲ್ಲ, ಇಲ್ಲ" ಎಂದು ಕೈ ಅಲ್ಲಾಡಿಸುತ್ತ ಹೋದರೆ ಅವರು ಬಸ್‌ಸ್ಟ್ಯಾಂಡಿನ ನಾಯಿಯನ್ನು ನೋಡಿದ ಹಾಗೆ ನೋಡುತ್ತಾರೆ. ನಮ್ಮ ಹಿಂದೆಯೂ ಮಂದಿ ಇದ್ದಾರೆ ಎಂದು ಗೊತ್ತಾಗಬೇಕು. ಆಗ ಕುರ್ಚಿ ಕೊಡುತ್ತಾರೆ. ನಾನು ಡಿಪೋದಲ್ಲಿ ಎಷ್ಟು ಕೆಲಸ ಹೀಗೆ ಮಾಡಿಸಿದ್ದೇನೆ, ಕೇಳು ಬೀರುವನ್ನು.

ಲೆಟರ್‌ಹೆಡ್ಡಿನಲ್ಲಿ ಬರೆದು, ಗೋಂದು ಹಚ್ಚಿ, ಸೀಲು ಒತ್ತಿ ಇದರೊಟ್ಟಿಗೆ ಇಟ್ಟಿದ್ದೇನೆ. ಒಡೆಯಬೇಡ. ಒಡೆದ ಲಕೋಟೆಗೆ ಬೆಲೆಯಿಲ್ಲ. ಸೀದಾ ಸಾಹೇಬರ ಕೈಗೆ ಕೊಡು. ನೋಡು ಆಮೇಲೆ.

ಬುಟ್ಟಿಯಲ್ಲಿ ಕರಿ ಇಶಾಡು ಮಾವಿನಹಣ್ಣು ಇವೆ, ಈ ವರ್ಷದ ಕೊನೆಯವು. ತಿಂದು ತಂಪಾಗು. ಒಂದನ್ನು ಸಾಹೇಬರಿಗೆ ಕೊಟ್ಟರೂ ತಪ್ಪಿಲ್ಲ, ನೆರವಿಗೊಂದು ನೆವ.

ನಿನ್ನ ಮಾವ
ಹುಲಿಯಾ


ಚಿತ್ತಾಕುಲ
೧೭ ಜೂನ್ ೨೦೨೫

ಅಧ್ಯಕ್ಷರಿಗೆ,

ಮಾವ ಎನ್ನುವುದನ್ನು ಸದ್ಯಕ್ಕೆ ಅಮಾನತಿನಲ್ಲಿ ಇಟ್ಟಿದ್ದೇನೆ.

ಲಕೋಟೆಯನ್ನು ನೀನು ಹೇಳಿದ ಹಾಗೆ ಒಡೆಯದೆ ಕೊಟ್ಟೆ. ನೆರವು ವಿಭಾಗದ ಕಿಟಕಿಯಲ್ಲಿ ಕೂರುವವರು ವಿಕಾಸ ಸರ್ ಎಂದು. ಇಸ್ತ್ರಿಯ ಮನುಷ್ಯ, ಮಾತಿಗೂ ಇಸ್ತ್ರಿ. ಹಿಂದೆ ಏಳೆಂಟು ಮಂದಿ ಸಾಲಿನಲ್ಲಿದ್ದರು. ವಿಕಾಸ ಸರ್ ಲಕೋಟೆ ಹರಿದು ಎಲ್ಲರಿಗೂ ಕೇಳುವ ಹಾಗೆ ಓದಿದರು:

"ಕುಮಾರಿ ರಕ್ಷಿತಾ ನಮ್ಮೂರಿನ ಹೆಮ್ಮೆ. ಆಕೆಗೆ ನಮ್ಮ ಸಂಘವು ಐವತ್ತು ಸಾವಿರ ರೂಪಾಯಿಯನ್ನು ಘೋಷಿಸಿ ಗೌರವಿಸಿದ್ದು ತಮಗೆ ತಿಳಿದೇ ಇದೆ. ಆಕೆಯ ಓದು ಮುಗಿಯುವವರೆಗೂ ವರ್ಷವರ್ಷವೂ ನಾವು ಹೀಗೆಯೇ ಬೆನ್ನಿಗೆ ನಿಲ್ಲುತ್ತೇವೆ. ತಾವೂ ಕೈಬಿಡಬಾರದು."

ಓದಿ, ಕನ್ನಡಕ ತೆಗೆದು, ನನ್ನನ್ನು ನೋಡಿ ನಕ್ಕರು.

"ವೆರಿ ಗುಡ್. ನಿಮ್ಮ ಊರಿನವರು ಬಹಳ ಉದಾರಿಗಳು."

"ಸರ್, ಆ ಹಣ ಬಂದೇ ಇಲ್ಲ."

"ಬರುತ್ತದೆ ಅಂತ ಬರೆದಿದ್ದಾರಲ್ಲ. ವರ್ಷವರ್ಷವೂ ಅಂತ."

"ಅದು ಮಾತಿಗೆ ಹೇಳಿದ್ದು ಸರ್."

"ಇದು ಮಾತಲ್ಲಮ್ಮ, ಲಿಖಿತ. ಸೀಲು ಬೇರೆ ಇದೆ." ಎಂದು ಕೀಲಿಮಣೆಯಲ್ಲಿ ಏನೋ ಕುಟ್ಟಿದರು. ಐವತ್ತು ಸಾವಿರದ ಪಕ್ಕದಲ್ಲಿದ್ದ "ಒಂದು ಬಾರಿ" ಎಂಬುದು "ಪ್ರತಿವರ್ಷ" ಎಂದಾಯಿತು. ನಾನು ಮುಂದೆ ಎಂ.ಎಸ್ಸಿ.ಗೆ ಇಲ್ಲಿಗೇ ಬಂದರೂ ಕತ್ತರಿ ನನ್ನ ಹೆಸರಿನಲ್ಲಿ ಕಾದಿರುತ್ತದೆ.

ಬೆನ್ನಿಗೆ ನಿಲ್ಲುತ್ತೇವೆ ಎಂದು ಬರೆದೆಯಲ್ಲ, ಬೆನ್ನ ಹಿಂದೆ ನಿಂತವರಿಗೇ ಗುದ್ದುವುದು ಸಲೀಸು. ನಾನು ಕೇಳಿದ್ದು ಒಂದು ಸಾಲು. ನೀನು ಕೊಟ್ಟದ್ದು ಭಾಷಣ. ನಿನಗೆ ಮೈಕ್ ಇಲ್ಲದಿದ್ದರೂ ಮೈಕ್ ಕಾಣುತ್ತದೆಯಾ?

ನನಗೆ ಈಗ ಒಂದು ಸಂಶಯ. ನಾನು ಕೇಳಿದ್ದು ನಿನಗೆ ಅರ್ಥವಾಗಲಿಲ್ಲ ಎಂದಲ್ಲ. ಚೆನ್ನಾಗಿ ಅರ್ಥವಾಗಿದೆ. "ಕೊಟ್ಟಿಲ್ಲ" ಎಂದು ಬರೆದರೆ ನಾಳೆ ಪೇಟೆಯಲ್ಲಿ ನಿನ್ನ ಮೀಸೆ ಬಾಗುತ್ತದೆ. ನಿನ್ನ ಮೀಸೆಯನ್ನೂ ನನ್ನ ಸೀಟನ್ನೂ ನೀನು ತೂಗಿ ನೋಡಿದೆ, ಮೀಸೆ ತೂಕ ಬಂತು. ಹೌದೋ ಅಲ್ಲವೋ ಅಷ್ಟು ಬರೆ. ಹಣ್ಣಿನ ಬುಟ್ಟಿಯನ್ನು ಬೀರುವಿನ ಕೈಯಲ್ಲಿ ವಾಪಸ್ ಕಳಿಸಿದ್ದೇನೆ. ಖಾಲಿ ಮಾಡಿಯೇ ಕಳಿಸಿದೆ, ಹಣ್ಣಿನ ಮೇಲೆ ನನಗೇನೂ ಸಿಟ್ಟಿಲ್ಲ.

ರಕ್ಷಿತಾ


ಬೊಬ್ರುವಾಡ
೨೦ ಜೂನ್ ೨೦೨೫

ರಕ್ಷಿತಾ,

ಈ ಸಲ ನಗಿಸುವುದಿಲ್ಲ.

ಆ ಲಕೋಟೆ ತಪ್ಪಾಯಿತು. ಹಿಂದೆ ಮಂದಿ ಇದ್ದಾರೆ ಎಂದು ತೋರಿಸಿದರೆ ಒಬ್ಬ ಮನುಷ್ಯ ಹೆದರಬೇಕು, ಇಲ್ಲ ಗೌರವಿಸಬೇಕು. ಹಿಂದೆ ಇರುವವರನ್ನು ಎಣಿಸಿ ಮುಂದಿರುವವಳ ಅನ್ನ ಕಡಿಮೆ ಮಾಡುವ ಜಾತಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಇಂಥ ಲೆಕ್ಕವನ್ನು ಬಸ್ಸಿನಲ್ಲಿ ಮಾಡಿದ್ದರೆ ನನ್ನನ್ನು ಆರಬೈಲು ಘಾಟಿಯಲ್ಲೇ ಇಳಿಸಿ ಹೋಗುತ್ತಿದ್ದರು.

ಆದರೆ ಮೀಸೆಯ ಮಾತು ಸರಿಯಲ್ಲ. ಹೇಳುತ್ತೇನೆ, ಕೇಳು.

ನಮ್ಮಲ್ಲಿ ವೇದಿಕೆಯ ಮೇಲೆ ಕೂಗುವ ಮೊತ್ತ ಜೇಬಿನಲ್ಲಿ ಇರುವ ಮೊತ್ತವಲ್ಲ. ಅದು ಊರಿಗೆ ಹಾಕುವ ಸವಾಲು. ಕಾಮಿಯ ಹೊಟ್ಟೆಯ ಆಪರೇಶನ್ ಆದಾಗ ನಾನೇ ಮೈಕಿನಲ್ಲಿ ಹತ್ತು ಸಾವಿರ ಎಂದಿದ್ದೆ. ಸಂಘದ ಪೆಟ್ಟಿಗೆಯಲ್ಲಿ ಇನ್ನೂರು ರೂಪಾಯಿ ಇತ್ತು. ಮರುದಿನದಿಂದ ಒಬ್ಬ ಅಕ್ಕಿ ತಂದ, ಒಬ್ಬ ರಿಕ್ಷಾ ಬಾಡಿಗೆ ಬಿಟ್ಟ, ಒಬ್ಬಳು ಆಸ್ಪತ್ರೆಯಲ್ಲಿ ರಾತ್ರಿ ಕೂತಳು. ವರ್ಷ ಕಳೆಯುವುದರೊಳಗೆ ಹತ್ತಲ್ಲ, ಹದಿನೈದರಷ್ಟು ಕೆಲಸ ಆಗಿತ್ತು. ಮೊದಲೇ "ಇನ್ನೂರು" ಎಂದು ಕೂಗಿದ್ದರೆ ಊರು ಐದೈದು ರೂಪಾಯಿ ಹಾಕಿ ಮನೆಗೆ ಹೋಗುತ್ತಿತ್ತು.

ನಿನ್ನ ಐವತ್ತು ಸಾವಿರವೂ ಬರುತ್ತಲೇ ಇದೆ. ನಿನ್ನ ಹಾಸ್ಟೆಲ್ಲಿಗೆ ತಿಂಗಳಿಗೊಮ್ಮೆ ಬರುವ ಅಕ್ಕಿ ನಿಮ್ಮ ಗದ್ದೆಯದಲ್ಲ. ನಿಮಗೆ ಗದ್ದೆ ಎಲ್ಲಿದೆ? ಅದು ಸುಕ್ರನ ಗದ್ದೆಯದು. ನೀನು ಮಲಗುವ ಹಾಸಿಗೆ ಕಾಮಿ ಹೊಲಿಸಿದ್ದು. ಅಮ್ಮ "ಕಂತಿನಲ್ಲಿ ತಂದೆ" ಎಂದ ಲ್ಯಾಪ್‌ಟಾಪು ಜಯಶ್ರೀ ಟೀಚರದು. ಹೇಳಬೇಡ ಎಂದು ನಿನ್ನ ಅಮ್ಮ ಹೊನ್ನಿಗೆ ಹೇಳಿದವ ನಾನೇ. ತಿನ್ನುವ ಪ್ರತಿ ತುತ್ತೂ ಯಾರದೆಂದು ಗೊತ್ತಾದರೆ ಹುಡುಗಿ ತಲೆ ತಗ್ಗಿಸಿ ಓದುತ್ತಾಳೆ. ನನಗೆ ನೀನು ತಲೆ ಎತ್ತಿ ಓದಬೇಕಿತ್ತು.

ಈಗ "ನಾವು ಏನೂ ಕೊಟ್ಟಿಲ್ಲ" ಎಂದು ನಾನು ಹೇಗೆ ಬರೆಯಲಿ? ಸುಕ್ರನ ಮುಖ ಹೇಗೆ ನೋಡಲಿ? ಬರೆದರೆ ಕಾರವಾರದಲ್ಲಿ ನಿಜ, ಬೊಬ್ರುವಾಡದಲ್ಲಿ ಸುಳ್ಳು. ಬರೆಯದಿದ್ದರೆ ತಿರುವುಮುರುವು. ನಡುವೆ ಮೂವತ್ತೈದು ಕಿಲೋಮೀಟರಿನ ದಾರಿಯಲ್ಲಿ ಎಲ್ಲಿ ನಿಜ ಸುಳ್ಳಾಗುತ್ತದೋ ನನಗೆ ತಿಳಿಯದು.

ನಿದ್ದೆ ಬರುತ್ತಿಲ್ಲ.

ಮಾವ


ಚಿತ್ತಾಕುಲ
೨೩ ಜೂನ್ ೨೦೨೫

ಮಾವ,

ನಿನ್ನ ಕಾಗದ ಓದಿ ಹಾಸಿಗೆಯಿಂದ ಇಳಿದು ನೆಲದ ಮೇಲೆ ಕೂತೆ. ಬಹಳ ಹೊತ್ತು ಕೂತೆ. ನೆಲ ತಣ್ಣಗಿತ್ತು, ನಾನು ಆಗಲಿಲ್ಲ.

ನನಗೆ ಸಿಟ್ಟು ಇಮ್ಮಡಿಯಾಗಿದೆ. ಎರಡು ವರ್ಷ ಊರಿಗೆ ಬಂದಾಗಲೆಲ್ಲ ಸುಕ್ರಣ್ಣನ ಎದುರು ಕಾಲು ಮೇಲೆ ಕಾಲು ಹಾಕಿ ಕೂತು ಸಮುದ್ರದ ಜೀವಶಾಸ್ತ್ರ ಹೇಳಿದ್ದೇನೆ. ಕಾಮಕ್ಕ "ಹಾಸ್ಟೆಲ್ಲಲ್ಲಿ ನಿದ್ದೆ ಬತ್ತದ್ಯಾ ಮಗಾ?" ಎಂದು ಪ್ರತಿ ಸಲ ಕೇಳುತ್ತಿದ್ದಳು. ಇದೇನು ಒಂದೇ ಪ್ರಶ್ನೆ ಎಂದು ನಾನು ಫೋನು ನೋಡುತ್ತ ಉತ್ತರಿಸುತ್ತಿದ್ದೆ. ತಲೆ ಎತ್ತಿ ಓದಲಿ ಎಂದೆಯಾ? ಕಣ್ಣು ಕಟ್ಟಿ ತಲೆ ಎತ್ತಿಸಿದೆ, ಎಲ್ಲರ ಎದುರು ಹೋಗಿ ಡಿಕ್ಕಿ ಹೊಡೆದೆ. ನನ್ನನ್ನು ಕೇಳದೆ ನನಗೆ ಉಪಕಾರ, ನನ್ನನ್ನು ಕೇಳದೆ ಘೋಷಣೆ, ನನ್ನನ್ನು ಕೇಳದೆ ಲಕೋಟೆ. ನನ್ನ ಓದಿನಲ್ಲಿ ನನ್ನದು ಪರೀಕ್ಷೆ ಬರೆಯುವುದೊಂದೇ.

ಮತ್ತು ಒಂದು ಮಾತು. ನಿನ್ನ ಪದ್ಧತಿ ಚೆಂದವಿದೆ, ಅಲ್ಲವೆನ್ನುವುದಿಲ್ಲ. ಅಕ್ಕಿಯಿಂದ ಹೊಟ್ಟೆ ತುಂಬುತ್ತದೆ. ಆದರೆ ಅಕ್ಕಿಯನ್ನು ಕಿಟಕಿಯಲ್ಲಿ ಅಳೆದು ಕೊಟ್ಟರೆ ರಸೀದಿ ಕೊಡುವುದಿಲ್ಲ. ಐವತ್ತು ಸಾವಿರ ನಗದು ಕಡಿತವಾಗಿದೆ, ನಗದೇ ಬೇಕು. ಎಲ್ಲಿಂದ ತರಲಿ?

ಏನೂ ಕೊಟ್ಟಿಲ್ಲ ಎಂದು ಬರೆಯಬೇಡ. ಏನು ಕೊಟ್ಟಿರೋ ಅದನ್ನೇ ಬರೆ. "ಐವತ್ತು ಸಾವಿರ ಕೂಗಿದ್ದು ನಾನು, ಹಣ ಕೊಟ್ಟಿಲ್ಲ, ಅಕ್ಕಿ ಕೊಟ್ಟಿದ್ದೇವೆ, ಹಾಸಿಗೆ ಕೊಟ್ಟಿದ್ದೇವೆ." ನಿಜ ಅಷ್ಟೇ ತಾನೇ? ನಿಜ ಬರೆಯಲು ಹೆದರುವಷ್ಟು ದೊಡ್ಡದಾಗಿದೆಯಾ ಆ ಚೆಕ್ಕು?

ಮೂವತ್ತನೇ ತಾರೀಖು, ಸಂಜೆ ನಾಲ್ಕು. ಆ ದಿನ ನನಗೆ ಪ್ರಾಕ್ಟಿಕಲ್ ಪರೀಕ್ಷೆ ಬೇರೆ. ಸೀಟು ಇರುತ್ತದೋ ಇಲ್ಲವೋ ತಿಳಿಯದೆ ಮೀನಿನ ಕಿವಿರು ಕೊಯ್ಯುತ್ತ ನಿಂತಿರುತ್ತೇನೆ.

ರಕ್ಷಿತಾ


ಚಿತ್ತಾಕುಲ
೨೭ ಜೂನ್ ೨೦೨೫

ಮಾವ,

ಉತ್ತರವಿಲ್ಲ. ನೀನು ಮನೆಮನೆಗೆ ತಿರುಗುತ್ತಿದ್ದೀ, ಪೇಟೆಯಲ್ಲಿ ಹೆಂಗಸರನ್ನು ಸೇರಿಸಿ ಮಾತಾಡುತ್ತಿದ್ದೀ ಎಂದು ಬೀರು ಹೇಳಿದ. ಮತ್ತೆ ಚಂದಾನಾ? ಮತ್ತೆ ಘೋಷಣೆಯಾ? ಈ ಸಲ ಬೀಳ್ಕೊಡುಗೆ ಸಮಾರಂಭ ಇಟ್ಟುಕೊಂಡಿದ್ದೀಯಾ? ಹಾಗಿದ್ದರೆ ಶಾಲು ಬೇಡ, ಒಂದು ಗೋಣಿಚೀಲ ಕೊಡಿ; ಪುಸ್ತಕ ತುಂಬಿಕೊಂಡು ಬರುತ್ತೇನೆ.

ಇನ್ನು ಬರೆಯುವುದಿಲ್ಲ.

ರ.


ನಿನ್ನ ವಿಶ್ವವಿದ್ಯಾಲಯದ ಬೆಂಚು
೩೦ ಜೂನ್ ೨೦೨೫, ಸಂಜೆ

ಮಗಾ ರಕ್ಷೀ,

ನಿನ್ನ ಪರೀಕ್ಷೆ ಐದಕ್ಕೆ ಮುಗಿಯುತ್ತದಂತೆ, ನಮ್ಮ ಬಸ್ಸು ಅದಕ್ಕೆ ಮೊದಲೇ. ಹಾಗಾಗಿ ಈ ಕಾಗದವನ್ನು ನಿನ್ನ ವಾರ್ಡನ್ ದುರ್ಗಾಬಾಯಿಯ ಕೈಯಲ್ಲಿ ಕೊಟ್ಟು ಹೋಗುತ್ತೇನೆ. ಅವಸರದಲ್ಲಿ ಬರೆದದ್ದು.

ಬರೆದು ಕಳಿಸು ಎಂದೆ. ಬರೆಯುವುದು ನನಗೆ ಆಗಿಬರುವುದಿಲ್ಲ ಎಂದು ಲಕೋಟೆಯಲ್ಲೇ ಗೊತ್ತಾಯಿತಲ್ಲ. ಮಂದಿಯ ಎದುರು ಹೇಳಿದ್ದನ್ನು ಅದೇ ಮಂದಿಯ ಎದುರು ಇಳಿಸಬೇಕು. ಅದಕ್ಕೆ ಮಂದಿಯನ್ನೇ ಕರೆದುಕೊಂಡು ಬಂದೆ. ನಿನ್ನ ಅಮ್ಮ ಹೊನ್ನಿ, ಸುಕ್ರ, ಕಾಮಿ, ಜಯಶ್ರೀ ಟೀಚರು, ಮತ್ತೆ ಪೇಟೆಯ ಹೆಂಗಸರು. ಬೀರುವಿನ ಬಸ್ಸು ಅರ್ಧ ನಮ್ಮದೇ. ಕಾಯಿಪಲ್ಲೆಯ ಬುಟ್ಟಿಗಳೂ ಬಂದವು, ಬಿಟ್ಟುಬರುವುದೆಲ್ಲಿ?

ಕಿಟಕಿಯ ಎದುರು ನಿಂತೆವು. ನಿನ್ನ ಇಸ್ತ್ರಿಯ ಸಾಹೇಬರು ತಲೆ ಎತ್ತಿ, "ಇಷ್ಟು ಜನ ಯಾಕೆ? ಒಬ್ಬರು ಮಾತಾಡಿ" ಅಂದರು.

"ಕೊಡೂಕೆ ಎಲ್ಲರೂ ಸೇರಿದ್ರು. ಹೇಳೂಕೆ ಒಬ್ನೇ ಎಂತಕೆ?" ಅಂದ ಸುಕ್ರ.

ನಾನು ಮುಂದೆ ಹೋದೆ. "ಸಾರ್, ಐವತ್ತು ಸಾವಿರ ಕೂಗಿದವ ನಾನು. ಒಂದು ರೂಪಾಯಿ ಕೊಟ್ಟಿಲ್ಲ. ಚೆಕ್ಕು ಥರ್ಮಾಕೋಲಿನದು. ಲಕೋಟೆಯಲ್ಲಿ ಬರೆದದ್ದು ಬಡಾಯಿ. ಬರೆದುಕೊಳ್ಳಿ" ಎಂದೆ. ಎಂದು ಹಿಂದೆ ತಿರುಗಿ ನೋಡಿದೆ. ಊರಿನ ಮುಖ ನೋಡಲು ನನಗೆ ಅಷ್ಟು ಹೆದರಿಕೆ ಎಂದೂ ಆಗಿರಲಿಲ್ಲ.

ಕಾಮಿ ಕವಳ ಜಗಿಯುತ್ತ, "ಅದು ನಮ್ಗೆ ಗೊತ್ತಿಲ್ದೆ ಏನಾ ಹುಲಿಯಾ? ಆ ಚೆಕ್ಕನ್ನ ನಾ ಕೋಳಿಗೂಡಿಗೆ ಬಾಗ್ಲು ಮಾಡಿ ನಾಕ್ ತಿಂಗ್ಳಾಯ್ತು" ಅಂದಳು.

ನಾನು ಹತ್ತು ದಿನ ನಿದ್ದೆಗೆಟ್ಟದ್ದು ಕೋಳಿಗೂಡಿನ ಬಾಗಿಲಿಗಾಗಿ!

ಸಾಹೇಬರು ಮಾತ್ರ ನಗಲಿಲ್ಲ. "ಹಾಗಾದರೆ ಏನು ಕೊಟ್ಟಿರಿ?" ಎಂದು ಕೇಳಿದರು. ಮರ್ಯಾದೆಯಿಂದಲೇ ಕೇಳಿದರು. ನಮ್ಮವರು ಉಬ್ಬಿದರು. ಸುಕ್ರ ಅಕ್ಕಿ ಎಂದ. ಕಾಮಿ ಹಾಸಿಗೆ ಎಂದಳು. ಅವರು "ಅಂದಾಜು ಬೆಲೆ?" ಎಂದರು. "ಹೊಸ ಹತ್ತಿ, ನಾಕ್ ಸಾವ್ರ ಬರ್ಕಳಿ" ಅಂದಳು ಕಾಮಿ. ಅವಳಿಗಿಂತ ಕಡಿಮೆಯಾಗಬಾರದೆಂದು ಸುಕ್ರ ತನ್ನ ಅಕ್ಕಿಯ ಬೆಲೆ ಏರಿಸಿದ. ಬೆಂಡೆಕಾಯಿ ಕೊಟ್ಟವಳು ಬಂಗಾರ ಕೊಟ್ಟವಳ ಹಾಗೆ ನಿಂತಳು. ನಾನು ಹಿಂದಿನಿಂದ ಕಣ್ಣು ಮಿಟುಕಿಸಿದ್ದೇ ಮಿಟುಕಿಸಿದ್ದು. ಯಾರು ನೋಡುತ್ತಾರೆ? ನನ್ನದೇ ಶಿಷ್ಯರು. ಎಲ್ಲ ಸೇರಿಸಿದರೆ ಮೂವತ್ತೆರಡು ಸಾವಿರ ಚಿಲ್ಲರೆ.

ಸಾಹೇಬರು ಕುಟ್ಟಿ ಮುಗಿಸಿ, "ಐವತ್ತು ಸಾವಿರ ತೆಗೆದಿದ್ದೇನೆ. ವಸ್ತುರೂಪದ ನೆರವು ಮೂವತ್ತೆರಡು ಸಾವಿರ ಸೇರಿಸಿದ್ದೇನೆ. ಅಷ್ಟು ಕಡಿತವಾಗುತ್ತದೆ" ಎಂದರು.

"ಕಡಿತ ಅಂದ್ರೆ?" ಎಂದಳು ಹೊನ್ನಿ.

"ನೀವು ಕೊಟ್ಟಷ್ಟನ್ನು ನಾವು ಕೊಡುವುದಿಲ್ಲ."

ಸುಕ್ರ ಕಿಟಕಿಯ ಸರಳು ಹಿಡಿದ. ಅವನು ಏರುದನಿಯಲ್ಲಿ ಮಾತಾಡಿದ್ದನ್ನು ನಾನು ಈ ಜನ್ಮದಲ್ಲಿ ಕೇಳಿರಲಿಲ್ಲ. "ನಾ ಅಕ್ಕಿ ಕೊಟ್ಟದ್ದು ಹುಡ್ಗಿ ಹೊಟ್ಟೆಗೆ! ನಿಮ್ಮ ಹೊಟ್ಟೆಗೆ ಹ್ಯಾಂಗೆ ಬಿತ್ತು ಅದು? ನಾ ಕೊಟ್ರೆ ನಿಮ್ಗೆ ಉಳಿತಾಯಾ? ಹಾಂಗಾರೆ ನಾ ಎರಡ್ ವರ್ಷ ಅಕ್ಕಿ ಹೊತ್ತದ್ದು ಯಾರಿಗೆ, ಇವ್ಳಿಗಾ ನಿಮ್ಗಾ?"

"ನಿಯಮ ನಾನು ಮಾಡಿದ್ದಲ್ಲ" ಎಂದರು ಸಾಹೇಬರು.

"ಮಾಡ್ದವ ಯಾರು ಹೇಳಿ, ಅಲ್ಲಿಗೂ ಬತ್ತೆ."

ಕಾವಲಿನವರು ಬಂದರು. ಕಾಮಿ ಬುಟ್ಟಿಯನ್ನು ನಡುವೆ ಇಟ್ಟು ಕೂತೇಬಿಟ್ಟಳು. ನಿನ್ನ ಅಮ್ಮ ಅಷ್ಟು ಗದ್ದಲದಲ್ಲಿ ಕಿಟಕಿಗೆ ಬಾಯಿ ಹಚ್ಚಿ ಮೆಲ್ಲಗೆ ಕೇಳಿದಳು: "ಸಾರ್, ಅದು ಸಾಲ ಆದ್ರೆ?"

ಸಾಹೇಬರು ಕೀಲಿಮಣೆಯಿಂದ ಕೈ ತೆಗೆದರು. "ಸಾಲ ನೆರವಲ್ಲ. ಸಾಲಕ್ಕೆ ಕಡಿತವಿಲ್ಲ. ಆದರೆ ಕೊಟ್ಟವರೆಲ್ಲ ಸಾಲವೆಂದು ಸಹಿ ಹಾಕಬೇಕು."

"ಹಾಂಗಾರೆ ಎಲ್ಲಾ ಸಾಲ" ಎಂದಳು ಹೊನ್ನಿ.

ಒಬ್ಬೊಬ್ಬರಾಗಿ ಸಹಿ ಹಾಕಿದರು. ಕಾಮಿ, "ಹಾಸ್ಗೆ ಯಾರಾದ್ರೂ ಸಾಲ ಕೊಡ್ತ್ರಾ ಥೂ" ಎಂದು ಉಗಿದು, ಹೆಬ್ಬೆಟ್ಟು ಒತ್ತಿದಳು. ಸುಕ್ರ ಮಾತ್ರ ಕೈ ಹಿಂದೆ ಕಟ್ಟಿ ನಿಂತ. "ಕೊಟ್ಟದ್ದು ಕೊಟ್ಟದ್ದೇ. ನನ್ನ ಅಪ್ಪನೂ ಅಕ್ಕಿ ವಾಪಸ್ ಕೇಳ್ದವ ಅಲ್ಲ. ನಾ ಸಾಲ ಕೊಟ್ಟವ ಅಂತ ಬರಿಸ್ಕಳೂದಿಲ್ಲ." ಹೊನ್ನಿ ಅವನ ಎದುರು ಪೆನ್ನು ಹಿಡಿದುಕೊಂಡು ನಿಂತಳು, ಅಷ್ಟೇ. ಕೊನೆಗೆ ಹಾಕಿದ. ಹಾಕಿ ಯಾರಿಗೂ ಹೇಳದೆ ಹೊರಗೆ ಹೋದ. ಈಗ ಆ ಗೇಟಿನ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಾನೆ. ನಾನು ಕರೆದರೂ ತಿರುಗುತ್ತಿಲ್ಲ.

ನಿನ್ನ ಒಂದು ಲಕ್ಷ ವಾಪಸ್ ಬಂದಿದೆ ಮಗಾ. ನಾಳೆ ಮಧ್ಯಾಹ್ನದೊಳಗೆ ಸಾಲ ತೆಗೆದುಕೊಂಡವಳು ಎಂದು ನೀನೂ ಸಹಿ ಹಾಕಬೇಕು. ನಾವು ಬರುವಾಗ ನಿನ್ನ ವಯಸ್ಸಿನ ಒಬ್ಬ ಹುಡುಗಿ ಸಾಲಿನಲ್ಲಿ ನಮ್ಮ ಹಿಂದೆಯೇ ನಿಂತಿದ್ದಳು. ಎಲ್ಲರೂ ನಮ್ಮ ಗದ್ದಲ ನೋಡಿ ನಗುತ್ತಿದ್ದರು, ಆಮೇಲೆ ನಮ್ಮ ಪರ ಕೂಗಿದರು. ಅವಳು ಎರಡೂ ಮಾಡಲಿಲ್ಲ. ಯಾರೋ?

ಬೀರು ಸೀಟಿ ಊದುತ್ತಿದ್ದಾನೆ.

ಮಾವ


ಚಿತ್ತಾಕುಲ
೧ ಜುಲೈ ೨೦೨೫

ಮಾವ,

ನಂಬರನ್ನು ಅನ್‌ಬ್ಲಾಕ್ ಮಾಡಿದ್ದೇನೆ. ಆದರೂ ಕಾಗದವನ್ನೇ ಬರೆಯುತ್ತಿದ್ದೇನೆ, ಯಾಕೆಂದರೆ ಸಿಟ್ಟು ಮುಗಿದಿಲ್ಲ. ಈಗ ಅದು ನಿನ್ನ ಮೇಲಲ್ಲ.

ಬೆಳಿಗ್ಗೆ ಸಹಿ ಹಾಕಿದೆ. ಸುಕ್ರಣ್ಣನ ಸಹಿಯ ಕೆಳಗೆ ನನ್ನದು. ಅವನ ಅಕ್ಷರ ಕಾಗದ ಹರಿಯುವಷ್ಟು ಒತ್ತಿ ಬರೆದದ್ದು. ಒಂದು ಬಡಾಯಿ ಅಳಿಸಲು ಇಡೀ ಊರು ಸುಳ್ಳು ಹೇಳಬೇಕಾಯಿತು. ಈ ಕಚೇರಿಯ ನಿಯಮದಲ್ಲಿ ಕೊಟ್ಟವನು ಕಳ್ಳ, ಸಾಲ ಕೊಟ್ಟವನು ಸಾಚಾ. ಅವನಿಗೆ ಹೇಳು: ಆ ಕಾಗದದಲ್ಲಿ ಬರೆದದ್ದು ಅವರ ಭಾಷೆ. ನನ್ನ ಭಾಷೆಯಲ್ಲಿ ಅವನು ಕೊಟ್ಟದ್ದು ಕೊಟ್ಟದ್ದೇ. ನಾನು ವಾಪಸ್ ಕೊಡುವುದೂ ಇಲ್ಲ, ಕೊಡಲು ಬಂದರೆ ಅವನು ನನ್ನನ್ನು ಬಾರುಕೋಲಿನಿಂದ ಹೊಡೆಯಲಿ.

ಆ ಹುಡುಗಿಯ ಹೆಸರು ನಿಶಾ. ಅರ್ಗಾದವಳು, ನನ್ನ ತರಗತಿ. ಕಳೆದ ವರ್ಷ ಅವಳಿಗೆ ಅವಳ ಅಪ್ಪನ ಕೆಲಸದ ಕಡೆಯಿಂದ ನಲವತ್ತು ಸಾವಿರದ ಬಹುಮಾನ ಬಂತು. ಥರ್ಮಾಕೋಲಿನದಲ್ಲ, ನಿಜವಾದದ್ದು. ಅವಳೇ ಓಡಿಹೋಗಿ ವಿಕಾಸ ಸರ್‌ಗೆ ಸಿಹಿ ಕೊಟ್ಟು ಹೇಳಿದಳು. ಅವಳ ನೆರವಿನಲ್ಲಿ ನಲವತ್ತು ಕತ್ತರಿಸಿದರು. ಬಹುಮಾನ ಆ ಒಂದೇ ವರ್ಷದ್ದು, ಮುಗಿಯಿತು. ಕತ್ತರಿಸಿದ್ದು ಮಾತ್ರ ಈ ವರ್ಷವೂ ಹಾಗೇ ಇದೆ. ಪ್ರತಿವರ್ಷದ ಲೆಕ್ಕ ಇಳಿಸುವುದಕ್ಕೆ ಮಾತ್ರವಂತೆ; ದಾಖಲೆ ತಪ್ಪಾಗಿದ್ದರೆ ತಿದ್ದುತ್ತಾರೆ, ನಿಜವಾದ ಹಣಕ್ಕೆ ಒಮ್ಮೆ ಇಳಿಸಿದ ನೆರವನ್ನು ಮತ್ತೆ ಏರಿಸಲು ಇವರಲ್ಲಿ ನಿಯಮವೇ ಇಲ್ಲವಂತೆ.

ಇವತ್ತು ನಾನು ಸಹಿ ಹಾಕುವಾಗ ಅವಳು ಪಕ್ಕದಲ್ಲಿದ್ದಳು. "ಸರ್, ನನ್ನದನ್ನೂ ಸಾಲ ಅಂತ ಬರೆದುಕೊಳ್ಳಿ" ಎಂದಳು. "ನಿಮ್ಮದಕ್ಕೆ ರಸೀದಿ ಇದೆಯಲ್ಲಮ್ಮ" ಎಂದರು ಅವರು. ಅವಳು ಜಗಳ ಮಾಡಲಿಲ್ಲ ಮಾವ. "ಸರಿ ಸರ್" ಎಂದಳು. ಆ "ಸರಿ" ಕೇಳಿದ ಮೇಲೆ ನನಗೆ ಊಟ ಇಳಿಯಲಿಲ್ಲ. ನನ್ನದು ಸುಳ್ಳು ಬಹುಮಾನ, ಅದಕ್ಕೆ ನಾನು ಉಳಿದೆ. ಅವಳದು ನಿಜ, ಅದಕ್ಕೆ ಅವಳು ಪೆಟ್ಟಿಗೆ ಕಟ್ಟುತ್ತಿದ್ದಾಳೆ.

ದಂಡ ಕಟ್ಟಿದರೆ ಶುಕ್ರವಾರದವರೆಗೆ ಅವಳಿಗೆ ಗಡುವು ಇದೆ. ಅವಳ ಊರಿನವರಿಗೆ ಅವಳು ಏನೂ ಹೇಳಿಲ್ಲ, ಹೇಳುವವಳೂ ಅಲ್ಲ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಆ ಕಿಟಕಿಯ ಎದುರು ಅವಳ ಪಕ್ಕದಲ್ಲಿ ನಾನು ನಿಲ್ಲುತ್ತೇನೆ. ನಿಯಮ ಮಾಡಿದವರು ಯಾರೆಂದು ಸುಕ್ರಣ್ಣ ಕೇಳಿದ್ದನಲ್ಲ. ಕುಲಸಚಿವರ ಕೋಣೆ ಎರಡನೇ ಮಹಡಿಯಲ್ಲಿದೆ, ವಿಚಾರಿಸಿ ಇಟ್ಟಿದ್ದೇನೆ. ಮೆಟ್ಟಿಲು ಅಗಲವಿದೆ. ಬುಟ್ಟಿ ಸಮೇತ ಹತ್ತಬಹುದು.

ರಕ್ಷಿತಾ